ಅಲುಗದ ಜಾಗ

“ಬೇಡ, ಹೇಳಲೇಬೇಡ,” ಎಂದು ಅವನು ಎರಡೂ ಕಿವಿಗೆ ಬೆರಳು ತುರುಕಿಕೊಂಡ.

ಬೆಳಗಿನ ಏಳೂವರೆ. ಕಾಫಿ ಆರುತ್ತಿತ್ತು. ಮೇಜಿನ ಆಚೆ ನರ್ಸಿನ ಬಿಳಿ ಸಮವಸ್ತ್ರ ತೊಟ್ಟು ಕೂತಿದ್ದ ಹೆಂಡತಿಯ ತುಟಿಗಳು ಆಡುತ್ತಲೇ ಇದ್ದವು. ಐವತ್ತಮೂರು ವರ್ಷದ ಪ್ರೊಫೆಸರು, ಸೇತುವೆ ಕಟ್ಟಡಗಳ ಕಂಪನದ ಮೇಲೆ ಇಪ್ಪತ್ತೊಂಬತ್ತು ಲೇಖನ ಬರೆದವನು, ಹಟಮಾರಿ ಮಗುವಿನ ಹಾಗೆ ಕಿವಿ ಮುಚ್ಚಿಕೊಂಡು ಕೂತದ್ದಕ್ಕೆ ಅವನಿಗೇ ನಗು ಬರಬೇಕಿತ್ತು. ಬರಲಿಲ್ಲ. ತತ್ವ ಅಂದರೆ ತತ್ವ.

ತುಟಿ ನಿಂತ ಮೇಲೆ ಬೆರಳು ತೆಗೆದ.

“ಮುಗೀತಾ?”

“ಮುಗೀತು. ಎಲ್ಲಿ ಅಲುಗುತ್ತೆ ಅಂತ ಹೇಳ್ದೆ. ಕೇಳಿಸ್ಲಿಲ್ವಾ?”

“ಕೇಳಿಸಬಾರದು ಅಂತಾನೇ ಮುಚ್ಕೊಂಡಿದ್ದು. ನೋಡು, ಇವತ್ತು ನೀನು ಕಕ್ಷಿದಾರಳು. ಪರೀಕ್ಷೆ ಮುಗಿಯೋವರೆಗೂ ಈ ವಿಷಯ ನಿನ್ನ ಹತ್ರ ಮಾತಾಡೋ ಹಾಗಿಲ್ಲ.”

“ಸರಿ ಸಾಹೇಬ್ರೆ. ಸಕ್ಕರೆ ಡಬ್ಬಿ ಕಕ್ಷಿದಾರಳ ಹತ್ರ ಇದೆ. ಬೇಕಾದ್ರೆ ಅರ್ಜಿ ಹಾಕ್ಕೊಳ್ಳಿ.”

ಅವನು ಸಕ್ಕರೆ ಇಲ್ಲದೆ ಕಾಫಿ ಕುಡಿದ. ಕಹಿಯಾಗಿತ್ತು. ಆದರೂ ಒಂಥರಾ ಸಮಾಧಾನ.

ಸಂಗತಿ ಇಷ್ಟೇ. ಅವಳು ದೊಡ್ಡಾಸ್ಪತ್ರೆಯಲ್ಲಿ ಹಿರಿಯ ನರ್ಸು. ಇಪ್ಪತ್ತೇಳು ವರ್ಷದ ಸರ್ವೀಸು. ಎಂಥ ಮೊಂಡು ನರವಾದರೂ ಒಂದೇ ಚುಚ್ಚಿಗೆ ಸಿಗುವ ಕೈ ಎಂದು ಹೆಸರು. ಬೇರೆ ವಾರ್ಡಿನವರೂ “ಸಿಸ್ಟರ್, ಒಂದ್ನಿಮಿಷ ಬಂದು ಹೋಗಿ” ಎಂದು ಗೋಗರೆದು ಕರೆದುಕೊಂಡು ಹೋಗುತ್ತಿದ್ದರು. ಆಸ್ಪತ್ರೆಯ ಹಳೇ ಕಟ್ಟಡದಿಂದ ಹೊಸ ಕಟ್ಟಡಕ್ಕೆ ಮೂರನೇ ಅಂತಸ್ತಿನಲ್ಲಿ ಒಂದು ಉಕ್ಕಿನ ಸೇತುವೆ ಇದೆ. ಹದಿನೈದು ದಿನದ ಹಿಂದೆ ಆ ಸೇತುವೆಯ ಮೇಲೆ ಎರಡು ಡಜನ್ ರಕ್ತದ ಟ್ಯೂಬುಗಳಿದ್ದ ಟ್ರೇ ಅವಳ ಕೈಯಿಂದ ಜಾರಿ ಬಿತ್ತು. ಇಪ್ಪತ್ನಾಲ್ಕು ಜನರಿಗೆ ಮತ್ತೆ ಸೂಜಿ ಚುಚ್ಚಬೇಕಾಯಿತು. ಅದರಲ್ಲಿ ಒಬ್ಬ ಅಜ್ಜಿ ಕಿರುಚಿದ ಕಿರುಚಿಗೆ ಕೆಳಗಿನ ಕ್ಯಾಂಟೀನಿನವರು ಮೇಲೆ ಓಡಿ ಬಂದರಂತೆ.

“ಸೇತುವೆ ಅಲುಗಿತು,” ಎಂದು ಅವಳು ಬರೆದು ಕೊಟ್ಟಳು.

ಸೂಪರಿಂಟೆಂಡೆಂಟರು ಓದಿ ನಕ್ಕರು. ಅವರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಾರೆ. ನಕ್ಕು, ತಾವೂ ಒಂದು ಕಾಗದ ಬರೆಸಿದರು. ಸೇತುವೆ ಅಲುಗಿದ್ದು ಸಾಬೀತಾಗದೇ ಹೋದರೆ ಅಲುಗಿದ್ದು ಸಿಸ್ಟರ್ ಕೈ ಎಂದೇ ಅರ್ಥ. ಕೈ ನಡುಗುವವರಿಗೆ ವಾರ್ಡಿನಲ್ಲಿ ಕೆಲಸವಿಲ್ಲ. ಲಾಂಡ್ರಿಯಲ್ಲಿ ಹೊದಿಕೆ ಎಣಿಸಿಕೊಂಡು ಇರಬಹುದು. ಉಳಿದ ನರ್ಸುಗಳು “ಹೌದು ಸಿಸ್ಟರ್, ಜುಮ್ ಅನ್ನುತ್ತೆ” ಎಂದು ಆಸ್ಪತ್ರೆಯ ಅಡುಗೆಮನೆಯ ಮೂಲೆಯಲ್ಲಿ ಪಿಸುಗುಟ್ಟಿದರೇ ಹೊರತು ಸಹಿ ಹಾಕಲು ಒಬ್ಬರೂ ಬರಲಿಲ್ಲ.

ಸಾಬೀತು ಮಾಡುವವರು ಯಾರು? ಆ ಊರಿನಲ್ಲಿ ಕಂಪನ ಅಳೆಯುವವನು ಒಬ್ಬನೇ. ಅವಳ ಗಂಡ.

“ನಾನು ಮಾಡಿದ್ರೆ ಜನ ಏನಂದ್ಕೋತಾರೆ?” ಎಂದು ಅವನೇ ಫೋನಿನಲ್ಲಿ ಕೇಳಿದ್ದ.

“ಏನೂ ಅಂದ್ಕೊಳ್ಳಲ್ಲ ಬಿಡಿ ಸಾರ್. ಹೆಂಡ್ತಿ ತಮ್ಮನ ಮಗನ್ನೇ ಒಂದು ಮಾರ್ಕಿಗೆ ಫೇಲ್ ಮಾಡಿದೋರು ನೀವು. ಊರಿಗೇ ಗೊತ್ತು,” ಎಂದಿದ್ದರು ದೊಡ್ಡ ಡಾಕ್ಟರು.

ಅವನಿಗೆ ಹೆಮ್ಮೆಯಾಗಿತ್ತು. ಆ ಒಂದು ಮಾರ್ಕಿನ ದೆಸೆಯಿಂದ ಭಾವಮೈದುನ ಐದು ವರ್ಷದಿಂದ ಮನೆಗೆ ಕಾಲಿಟ್ಟಿಲ್ಲ. ವಿದ್ಯಾರ್ಥಿಗಳು ಅವನಿಗೆ ಇಟ್ಟ ಹೆಸರು ತಕ್ಕಡಿ. ಬೆನ್ನ ಹಿಂದೆ ಇಟ್ಟಿದ್ದು, ಗೇಲಿ ಮಾಡಲೆಂದೇ ಇಟ್ಟಿದ್ದು. ಅವನು ಅದನ್ನು ಬಿರುದು ಎಂದುಕೊಂಡು ಹೊತ್ತು ತಿರುಗುತ್ತಿದ್ದ.

ಈ ತಕ್ಕಡಿಗೆ ಮೊದಲಿನಿಂದಲೂ ನಡುವಿನ ಜಾಗವೇ ಇಷ್ಟ. ಬಸ್ಸಿನಲ್ಲಿ ನಡುವಿನ ಸೀಟು, ಏಕೆಂದರೆ ಅಲ್ಲಿ ಕುಲುಕು ಕಡಿಮೆ. ಸಭೆಯಲ್ಲಿ ನಡುವಿನ ಸಾಲು. ಅಮ್ಮ ಬದುಕಿದ್ದಾಗ ಅಮ್ಮನಿಗೂ ಹೆಂಡತಿಗೂ ಜಗಳ ಹತ್ತಿದರೆ ಅಡುಗೆಮನೆಯ ಹೊಸಿಲ ಮೇಲೆ ನಿಂತುಬಿಡುತ್ತಿದ್ದ: ಒಂದು ಕಾಲು ಒಳಗೂ ಇಲ್ಲ, ಒಂದು ಕಾಲು ಹೊರಗೂ ಇಲ್ಲ. “ಇಬ್ಬರದೂ ಸರಿ,” ಎನ್ನುತ್ತಿದ್ದ. ಆಗ ಇಬ್ಬರೂ ಒಟ್ಟಿಗೆ ಅವನ ಮೇಲೆ ಹರಿಹಾಯುತ್ತಿದ್ದರು. ಅಂತೂ ಜಗಳ ನಿಲ್ಲುತ್ತಿತ್ತು.

ಟ್ರೇ ಬಿದ್ದ ದಿನ ಸಂಜೆ ಅವಳು ಕೈಕಾಲು ತೊಳೆದು ಬಂದವಳೇ ಎರಡೂ ಕೈಗಳನ್ನು ಅವನ ಮುಂದೆ ಚಾಚಿದ್ದಳು.

“ನೋಡ್ರೀ. ನಡುಗ್ತಾ ಇದೆಯಾ?”

ಅವನು ಕನ್ನಡಕ ಹಾಕಿಕೊಂಡು ನೋಡಿದ. ಬೆರಳ ತುದಿಗಳಲ್ಲಿ ಆಸ್ಪತ್ರೆಯ ಸಾಬೂನಿಗೆ ಬಿಟ್ಟ ಬಿರುಕುಗಳಿದ್ದವು. “ಕಣ್ಣಲ್ಲಿ ನೋಡಿ ಹೇಳೋ ವಿಷಯ ಅಲ್ಲ ಇದು. ಅಳತೆ ಬೇಕು,” ಎಂದ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಅವತ್ತಿನಿಂದ ಅವನು ಅತ್ತ ತಿರುಗಿದಾಗೆಲ್ಲ ಅವಳು ತನ್ನ ಕೈಯನ್ನು ತಾನೇ ಚಾಚಿ ನೋಡಿಕೊಳ್ಳುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು. ಓರೆಗಣ್ಣಿನಿಂದ ನೋಡಿದಾಗ ಸಂಕಟವಾಗುತ್ತಿದ್ದದ್ದೂ ಗೊತ್ತಿತ್ತು. ಅದಕ್ಕೆ ಅಳತೆಯಿರಲಿಲ್ಲವಾಗಿ ಪೇಪರು ಬಿಡಿಸಿ ಕೂರುತ್ತಿದ್ದ.

ಕಕ್ಷಿದಾರಳ ಜೊತೆ ಒಂದೇ ಬಸ್ಸಿನಲ್ಲಿ ಹೋಗುವುದು ಸರಿಯಲ್ಲವೆಂದು ಅವನು ಎಂಟರ ಬಸ್ಸು ಬಿಟ್ಟ. ಕಿಟಕಿಯಿಂದ ಅವಳು ಕೈಬೀಸಿದಳು. ಅವನು ವೇಳಾಪಟ್ಟಿ ಓದುವವನ ಹಾಗೆ ನಟಿಸಿದ.

ಆಸ್ಪತ್ರೆಯಲ್ಲಿ ಮೇಣದಣ್ಣ ಆಗಲೇ ಪೆಟ್ಟಿಗೆ ಬಿಚ್ಚಿ ಕೂತಿದ್ದ. ಪ್ರೊಫೆಸರ ಲ್ಯಾಬಿನ ಅಟೆಂಡರು. ನಿವೃತ್ತಿಗೆ ಏಳು ತಿಂಗಳಿದೆ. ಸೆನ್ಸರು ಅಂಟಿಸುವ ಮೇಣವನ್ನು ಇಡೀ ದಿನ ಹೆಬ್ಬೆರಳಿನಲ್ಲಿ ನಾದುತ್ತಾ ಇರುತ್ತಾನಾದ್ದರಿಂದ ಆ ಹೆಸರು. ಸೇತುವೆಯ ಎರಡೂ ತುದಿಗೆ ಹಗ್ಗ ಕಟ್ಟಿ ಓಡಾಟ ನಿಲ್ಲಿಸಿದ್ದರು. ಮೂವತ್ತಾರು ಮೀಟರು ಉದ್ದ. ಹಳೇ ಕಟ್ಟಡದ ಕಡೆ ಕಾಲು ಭಾಗ ದಾಟಿದಲ್ಲಿ ಗೋಡೆಗೆ ಬೆಂಕಿ ಆರಿಸುವ ಕೆಂಪು ಸಿಲಿಂಡರು, ಹೊಸ ಕಟ್ಟಡದ ಕಡೆ ಅಷ್ಟೇ ದೂರದಲ್ಲಿ ಒಂದು ಕಿಟಕಿ, ನಟ್ಟನಡುವೆ ಕುಡಿಯುವ ನೀರಿನ ನಲ್ಲಿ.

ಕೆಲಸ ಕೇಳಲು ಸರಳ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಸೆನ್ಸರನ್ನು ಒಂದು ಕಡೆ ಅಂಟಿಸಬೇಕು. ಆಮೇಲೆ ರಬ್ಬರು ಮೂತಿಯ ಸುತ್ತಿಗೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಗುರುತು ಹಾಕಿದ ಇಪ್ಪತ್ತೈದು ಕಡೆ ಐದೈದು ಏಟು. ಎಲ್ಲಿ ಹೊಡೆದರೂ ಸೇತುವೆ ತನ್ನ ಹುಟ್ಟುಗುಣದ ಲಯಗಳಲ್ಲೇ ಮಿಡಿಯುತ್ತದೆ. ಸೆನ್ಸರು ಅದನ್ನು ಲ್ಯಾಪ್‌ಟಾಪಿಗೆ ಹೇಳುತ್ತದೆ. ಎಲ್ಲ ಜೋಡಿಸಿದರೆ ಸೇತುವೆ ಹೇಗೆ ಹೇಗೆ ಕುಣಿಯಬಲ್ಲದು ಎಂಬುದು ತೆರೆಯ ಮೇಲೆ ಗೆರೆಗೆರೆಯಾಗಿ ಕಾಣುತ್ತದೆ.

“ಎಲ್ಲಿ ಅಂಟಿಸ್ಲಿ ಸಾರ್?” ಎಂದ ಮೇಣದಣ್ಣ.

ಅವನು ಆ ತುದಿ ನೋಡಿದ. ಹಳೇ ಕಟ್ಟಡ, ಹೆಂಡತಿಯ ವಾರ್ಡು. ಈ ತುದಿ ನೋಡಿದ. ಹೊಸ ಕಟ್ಟಡ, ದೊಡ್ಡ ಡಾಕ್ಟರ ಕೋಣೆ.

“ನಡುವೆ.”

ಮೇಣ ನಾದುತ್ತಿದ್ದ ಹೆಬ್ಬೆರಳು ನಿಂತಿತು. “ನಡುವೆನೇನಾ ಸಾರ್?”

“ಇನ್ನೆಲ್ಲಿ? ಒಂದು ಕಡೆ ಇಟ್ರೆ ಆ ಕಡೆಯವರ ಪರ ಅಂತಾರೆ.”

“ಅಲ್ಲ ಸಾರ್, ಪಾಠದಲ್ಲಿ ನೀವು…”

“ಪಾಠ ನಂಗೆ ಗೊತ್ತು ಕಣಯ್ಯಾ. ಅಂಟಿಸು.”

ಮೇಣದಣ್ಣ ನಲ್ಲಿಯ ಬುಡದಲ್ಲಿ ಅಂಟಿಸಿದ. ಅಂಟಿಸಿ, ತನಗೇನಂತೆ ಎಂಬಂತೆ ಕಿಟಕಿಯಾಚೆಯ ಆಕಾಶ ನೋಡಿದ.

ಸುತ್ತಿಗೆ ಏಟು ಶುರುವಾದದ್ದೇ ಹಗ್ಗದ ಆಚೆ ಜನ ಸೇರಿದರು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಗಾಲಿಕುರ್ಚಿಯಲ್ಲಿ ಕೂತಿದ್ದ ಒಬ್ಬ ದಪ್ಪನೆಯ ರೋಗಿಗಂತೂ ಹಬ್ಬ.

“ಏನ್ ಸಾರ್, ಸೇತುವೆಗೂ ಹುಷಾರಿಲ್ವಾ?”

“ಸುಮ್ನಿರ್ರೀ, ಅಳತೆ ನಡೀತಿದೆ.”

“ನನ್ನ ಮಂಡಿಗೂ ಹಿಂಗೇ ಹೊಡೆದ್ರು ಡಾಕ್ಟ್ರು. ಕಾಲು ಎಗರಿ ಅವರಿಗೇ ಬಿತ್ತು. ಹುಷಾರಾಗಿ ಹೊಡೀರಿ!”

ಎಲ್ಲರೂ ನಕ್ಕರು. ಅವನು ಹನ್ನೆರಡನೆಯ ಗುರುತಿಗೆ ಹೊಡೆದ. ಸೇತುವೆ ಎಗರಲಿಲ್ಲ.

ಅಷ್ಟರಲ್ಲಿ ಹಳೇ ಕಟ್ಟಡದ ತುದಿಯಲ್ಲಿ ಬಿಳಿ ಸಮವಸ್ತ್ರ ಕಂಡಿತು. ಅವಳೇ. ಮಾತಾಡಬಾರದು ಎಂದು ನೆನಪಿತ್ತೇನೋ. ತುಟಿ ಬಿಗಿಹಿಡಿದು ಕೈಯೆತ್ತಿ ಎತ್ತಲೋ ಬೆರಳು ಮಾಡಿದಳು. ಅವನು ಥಟ್ಟನೆ ಬೆನ್ನು ತಿರುಗಿಸಿ ನಲ್ಲಿಯನ್ನು ನೋಡುತ್ತಾ ನಿಂತ. ತೊಟ್ಟಿಕ್ಕುವ ನಲ್ಲಿಯನ್ನು ಅಷ್ಟು ಆಸಕ್ತಿಯಿಂದ ಅವನು ಎಂದೂ ನೋಡಿರಲಿಲ್ಲ. ಹಿಂದಿನಿಂದ ಚಪ್ಪಾಳೆ ಕೇಳಿತು, ಒಂದೆರಡು ಸಲ. ಆಮೇಲೆ ಅವಳ ಹೆಜ್ಜೆ ದೂರವಾಯಿತು.

ಹನ್ನೆರಡರ ಹೊತ್ತಿಗೆ ಗೆರೆ ಬಂತು. ಒಂದು ಶಿಖರ, ಸೆಕೆಂಡಿಗೆ ಮೂರೂವರೆ ಕಂಪನದಲ್ಲಿ. ಮನುಷ್ಯರ ನಡಿಗೆಗೂ ಅದಕ್ಕೂ ಸಂಬಂಧವಿಲ್ಲ. ಹದಿಮೂರರ ಹತ್ತಿರ ಒಂದು ಸಾಸಿವೆ ಕಾಳಿನಷ್ಟು ಉಬ್ಬು.

“ಇದೇನ್ ಸಾರ್, ಇಲ್ಲೊಂದು ಗುಬುಟು?” ಎಂದ ಮೇಣದಣ್ಣ, ಬಗ್ಗಿ ನೋಡುತ್ತಾ.

“ಕೇಬಲ್ಲಿನ ಗದ್ದಲ, ಲೆಕ್ಕಕ್ಕಿಲ್ಲ,” ಎಂದು ಅವನು ಅಳಿಸಿದ.

ಆದರೂ ನ್ಯಾಯ ಅಂದರೆ ನ್ಯಾಯ. ಸೇತುವೆಯ ಕೆಳಗೇ ಲಾಂಡ್ರಿ. ಅಲ್ಲಿ ಹೊದಿಕೆ ಹಿಂಡುವ ಒಂದು ದೈತ್ಯ ಡ್ರಮ್ಮು. ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಮ್ಮೆ, ನಾಲ್ಕೂವರೆಗೊಮ್ಮೆ ತಿರುಗುತ್ತದೆ. ಅದನ್ನೂ ಒಂದು ಗಳಿಗೆ ಓಡಿಸಿ ನೋಡಿಬಿಡೋಣ ಎಂದು ಮೇಣದಣ್ಣನನ್ನು ಕೆಳಗೆ ಕಳಿಸಿದ. ಡ್ರಮ್ಮು ಗುಂಯ್ ಎಂದಿತು. ಅವನು ನಲ್ಲಿಯ ಪಕ್ಕ ಸ್ಟೂಲು ಹಾಕಿಕೊಂಡು, ಸೆನ್ಸರನ್ನೂ ತೆರೆಯನ್ನೂ ತನ್ನ ಪಾದವನ್ನೂ ಹತ್ತು ನಿಮಿಷ ಗಮನಿಸಿದ. ಏನೂ ಇಲ್ಲ. ಪಾದಕ್ಕೂ ಏನೂ ಇಲ್ಲ. ಅವನಿಗೆ ಅಯ್ಯೋ ಎನ್ನಿಸಿತು, ಅವಳ ಮುಖ ನೆನೆದು. ಅದರ ಬೆನ್ನಿಗೇ, ನಿರಾಳವೂ ಆಯಿತು. ಯಾರೂ ತನ್ನನ್ನು ಹೆಂಡತಿಯ ಪರ ಎನ್ನುವ ಹಾಗಿಲ್ಲ.

ವರದಿ ಅರ್ಧ ಪುಟ. ಕೊನೆಯ ಸಾಲು: “ಸೇತುವೆಯಲ್ಲಿ ದೋಷ ಕಂಡುಬಂದಿಲ್ಲ.”

ದೊಡ್ಡ ಡಾಕ್ಟರು ಅದನ್ನು ಎರಡು ಸಲ ಓದಿದರು. ಒಂದು ಸಲ ಅರ್ಥಕ್ಕೆ, ಇನ್ನೊಂದು ಸಲ ಖುಷಿಗೆ. “ನೀವು ಬಿಡಿ ಸಾರ್, ಕಲ್ಲು!” ಎಂದರು. ಅವಳನ್ನು ಕರೆಸಿದರು. ನಾಲ್ಕು ಗಂಟೆಯಾಗಿತ್ತು.

ಅವಳು ಬಂದು ನಿಂತು ವರದಿ ಓದಿದಳು. ಗಂಡನ ಕಡೆ ನೋಡಲಿಲ್ಲ.

“ಬೇಜಾರು ಮಾಡ್ಕೋಬೇಡಿ ಸಿಸ್ಟರ್. ವಿಜ್ಞಾನ ಹೇಳಿದ ಮೇಲೆ ನಮ್ಮದೇನಿದೆ,” ಎಂದರು ದೊಡ್ಡ ಡಾಕ್ಟರು. “ನಾಳೆಯಿಂದ ಲಾಂಡ್ರಿಗೆ ಬನ್ನಿ. ವಾರ್ಡಿಗೆ ಹೋಗಿ ಬೀಗದ ಕೈ ಕೊಟ್ಟುಬಿಡಿ. ಐದಕ್ಕೆ ಟಪಾಲಿನಲ್ಲಿ ಈ ವರದಿ ಮೇಲಿನ ಆಫೀಸಿಗೆ ಹೋಗುತ್ತೆ. ಅಷ್ಟರೊಳಗೆ ಯಾರಿಗಾದ್ರೂ ಏನಾದ್ರೂ ಹೇಳೋದಿದ್ರೆ ಹೇಳಿ. ಹೋದ ಮೇಲೆ ನನ್ನ ಕೈಲೂ ಇಲ್ಲ.”

“ಹೇಳೋದೆಲ್ಲ ಬೆಳಗ್ಗೆನೇ ಹೇಳಾಯ್ತು ಸಾರ್,” ಎಂದು ಅವಳು ಲಾಂಡ್ರಿಯ ಆದೇಶಕ್ಕೆ ಸಹಿ ಹಾಕಿದಳು. ಅಕ್ಷರಗಳು ಅಚ್ಚು ಒತ್ತಿದ ಹಾಗೆ ನೆಟ್ಟಗಿದ್ದವು. ಅವನು ಅದನ್ನು ನೋಡಿದ. ನೋಡಿ, ಒಂದು ಸಹಿಯಿಂದ ಏನೂ ಸಾಬೀತಾಗುವುದಿಲ್ಲ ಎಂದುಕೊಂಡ.

ಅವಳು ಹೋದ ಮೇಲೆ ಅವನೂ ಎದ್ದ. ಪರೀಕ್ಷೆ ಮುಗಿದಿತ್ತು, ಈಗ ಗಂಡನಾಗಿ ಮಾತಾಡಬಹುದಿತ್ತು. ಏನು ಮಾತಾಡುವುದೆಂದು ಕಾರಿಡಾರಿನುದ್ದಕ್ಕೂ ಯೋಚಿಸಿದ. “ರಾತ್ರಿ ಊಟ ಹೊರಗೆ ಮಾಡೋಣ” ಎಂಬ ಒಂದು ವಾಕ್ಯ ಸಿಕ್ಕಿತು. ಹೊಸ ಕಟ್ಟಡದ ತುದಿಯಲ್ಲಿ ಹಗ್ಗ ಸುತ್ತುತ್ತಾ ಕೂತಿದ್ದ ಮೇಣದಣ್ಣನನ್ನು ದಾಟಿ ಸೇತುವೆಗೆ ಕಾಲಿಟ್ಟ.

“ರೀ, ನಿಲ್ಲಿ,” ಎಂದಳು ಅವಳು.

ಅವಳು ಕೆಂಪು ಸಿಲಿಂಡರಿನ ಹತ್ತಿರ ನಿಂತಿದ್ದಳು. ಅವನು ನಲ್ಲಿಯ ಹತ್ತಿರ ನಿಂತ.

“ಆ ಮೆಷೀನು ಎಲ್ಲಿಟ್ಟಿದ್ರಿ?”

“ಸೆನ್ಸರಾ? ಇಲ್ಲೇ. ನಡುವೆ.”

“ನಡುವೆ!” ಅವಳು ನಕ್ಕುಬಿಟ್ಟಳು. ಅಳುವುದರ ಬದಲಿಗೆ ಬಂದ ನಗು ಅದು. “ನಡುವೆ ಯಾವತ್ರೀ ಅಲುಗಿದೆ? ಡ್ರಮ್ಮು ತಿರುಗುವಾಗ ನಾವೆಲ್ಲ ಅಲ್ಲಿ ನಿಂತು ನೀರು ಕುಡೀತೀವಿ. ಅಲುಗೋದು ಇಲ್ಲಿ. ಈ ಸಿಲಿಂಡರ್ ಹತ್ರ, ಮತ್ತೆ ಆ ಕಡೆ ಕಿಟಕಿ ಹತ್ರ. ಬೆಳಗ್ಗೆ ಹೇಳಿದ್ದೂ ಅದೇ, ಆಮೇಲೆ ಕೈ ತೋರಿಸಿದ್ದೂ ಇದೇ.”

ಅವನು ಹಿಂದಕ್ಕೆ ತಿರುಗಿದ. ಮೇಣದಣ್ಣ ಹಗ್ಗದ ಸುರುಳಿ ಹಿಡಿದು ನಿಂತಿದ್ದ. ಆ ಹಗ್ಗ ಕಂಡದ್ದೇ ತಡ, ಅವನಿಗೆ ತನ್ನದೇ ಪಾಠ ನೆನಪಾಯಿತು.

ಪ್ರತಿ ವರ್ಷ ಮೊದಲ ಪಾಠಕ್ಕೆ ಅವನು ತರಗತಿಗೆ ಹಗ್ಗ ಒಯ್ಯುತ್ತಿದ್ದ. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಮೇಣದಣ್ಣನ ಕೈಯಲ್ಲಿ. ನಿಧಾನ ಬೀಸಿದರೆ ಹಗ್ಗ ಒಂದೇ ಹೊಟ್ಟೆಯಾಗಿ ತೂಗುತ್ತದೆ; ನಡುವೆಯೇ ಹೆಚ್ಚು ತೂಗುತ್ತದೆ. ಜೋರಾಗಿ ಬೀಸಿದರೆ ಎರಡು ಹೊಟ್ಟೆ. ಈ ಅರ್ಧ ಮೇಲೆ ಹೋದಾಗ ಆ ಅರ್ಧ ಕೆಳಗೆ. ನಡುವೆ ಒಂದು ಜಾಗ ಮಾತ್ರ ಮಿಸುಕುವುದಿಲ್ಲ. “ನೋಡ್ರಯ್ಯಾ,” ಎನ್ನುತ್ತಿದ್ದ ಅವನು, “ಇಲ್ಲಿ ಸೆನ್ಸರ್ ಇಟ್ಟವನು ಜನ್ಮದಲ್ಲಿ ಈ ಕಂಪನ ಕಾಣಲ್ಲ. ಇಡೀ ಸೇತುವೆ ಕುಣೀತಾ ಇದ್ರೂ ಎಲ್ಲ ಶಾಂತ ಅಂತ ವರದಿ ಬರೀತಾನೆ.” ತರಗತಿ ನಗುತ್ತಿತ್ತು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಕೊಡುತ್ತಿದ್ದ: ಸೆನ್ಸರ್ ಎಲ್ಲಿಡುವಿರಿ, ಗುರುತು ಹಾಕಿ. ಭಾವಮೈದುನನ ಮಗ ನಟ್ಟನಡುವೆ ಗುರುತು ಹಾಕಿದ್ದ. ಅದಕ್ಕೆ ಸೊನ್ನೆ ಕೊಟ್ಟಿದ್ದರಿಂದಲೇ ಆ ಒಂದು ಮಾರ್ಕು ತಪ್ಪಿದ್ದು.

“ನೀನ್ಯಾಕಯ್ಯಾ ಹೇಳ್ಲಿಲ್ಲ?” ಎಂದು ಅವನು ಮೇಣದಣ್ಣನನ್ನು ಗದರಿದ.

“ಕೇಳಿದ್ನಲ್ಲ ಸಾರ್. ಪಾಠ ಗೊತ್ತು ಅಂದ್ರಿ. ಪ್ರೊಫೆಸರು ಏನೋ ಲೆಕ್ಕ ಹಾಕಿರ್ತಾರೆ ಅಂದ್ಕೊಂಡೆ.”

ಲೆಕ್ಕ ಹಾಕಿದ್ದನೇ? ಅವನು ತನ್ನನ್ನೇ ಕೇಳಿಕೊಂಡ. ಬೆಳಿಗ್ಗೆ ಕಿವಿ ಮುಚ್ಚಿದ್ದು ನಿಜ, ಕಣ್ಣು ಮುಚ್ಚಿರಲಿಲ್ಲ. ಇಪ್ಪತ್ತನಾಲ್ಕು ವರ್ಷದಿಂದ ನೋಡುತ್ತಿರುವ ತುಟಿ. ಅವು ಏನು ಹೇಳಿದವೆಂದು ಓದಲು ಬರಲಿಲ್ಲವೇ? ನಲ್ಲಿಯ ಕಡೆ ತಿರುಗುವ ಮೊದಲು ಅವಳ ಬೆರಳು ಎತ್ತ ಇತ್ತೆಂದು ಕಾಣಲಿಲ್ಲವೇ? ಹದಿಮೂರರ ಹತ್ತಿರದ ಆ ಉಬ್ಬನ್ನು ಅಳಿಸಿದ್ದೂ ಅವನೇ. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ವರದಿ ಹಿಂದಕ್ಕೆ ತೆಗೆದುಕೊಂಡರೆ ಊರು ಏನನ್ನುತ್ತದೆ? ಅಂತೂ ತಕ್ಕಡಿ ವಾಲಿತು, ಮನೇಲಿ ಜಗ್ಗಿದ್ರು ಅಂತ. ಮತ್ತೆ ಆ ಹುಡುಗನ ಒಂದು ಮಾರ್ಕು?

ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ. ಕೆಳಗೆ ಡ್ರಮ್ಮು ಗುಂಯ್ ಎಂದು ಶುರುವಾಯಿತು.

“ಹಾಂ, ಬಂತು,” ಎಂದಳು ಅವಳು. ಬೀಗದ ಕೈಗೊಂಚಲನ್ನು ಜೇಬಿಗೆ ಹಾಕಿ, ಅವತ್ತಿನ ಹಾಗೆಯೇ ಎರಡೂ ಕೈಗಳನ್ನು ಮುಂದಕ್ಕೆ ಚಾಚಿದಳು. “ಈಗ ನೋಡಿ. ನನ್ನ ಕೈಯಾ, ಸೇತುವೆಯಾ?”

ಅವನು ಕನ್ನಡಕ ಸರಿಮಾಡಿಕೊಂಡ. ಕೈಗಳು ನಡುಗುತ್ತಿದ್ದ ಹಾಗಿತ್ತು. ಅವಳ ಹಿಂದಿನ ಸಿಲಿಂಡರೂ ನಡುಗುತ್ತಿದ್ದ ಹಾಗಿತ್ತು. ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ.

“ಅಲ್ಲಿಂದ ಗೊತ್ತಾಗಲ್ಲ. ಇಲ್ಲಿಗೆ ಬಂದು ಹಿಡ್ಕೊಂಡು ನೋಡ್ರೀ.” ಅವಳು ಕೈಗಳನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು. “ನಂಗೂ ಗೊತ್ತಾಗ್ತಾ ಇಲ್ಲ. ಹದಿನೈದು ದಿನದಿಂದ ನಂಗೇ ಗೊತ್ತಾಗ್ತಾ ಇಲ್ಲ.”

ಹನ್ನೆರಡು ಹೆಜ್ಜೆ. ಅತ್ತ ಹನ್ನೆರಡು ಹೆಜ್ಜೆ ಹೋದರೆ ಅವಳ ಕೈ. ಇತ್ತ ಇಪ್ಪತ್ತನಾಲ್ಕು ಹೆಜ್ಜೆ, ಆಮೇಲೆ ಒಂದು ಕಾರಿಡಾರು ಹೋದರೆ ದೊಡ್ಡ ಡಾಕ್ಟರ ಮೇಜಿನ ಮೇಲೆ ಅರ್ಧ ಪುಟ. ಎರಡಕ್ಕೂ ಹೊತ್ತಿತ್ತು. ಹೋಗು ಎಂದು ಅವನು ಕಾಲಿಗೆ ಹೇಳಿದ. ಯಾವ ಕಡೆ ಎಂದು ಹೇಳಲಿಲ್ಲ. ಪಾದದ ಕೆಳಗೆ ನೆಲ ಬಂಡೆಯ ಹಾಗೆ ತಣ್ಣಗಿತ್ತು.

ಹೊಸ ಕಟ್ಟಡದ ಕಡೆಯಿಂದ ಒಬ್ಬ ಆಯಾ ರೋಗಿಗಳಿಗೆ ಸಂಜೆಯ ನೀರು ತುಂಬಿದ ಗಾಜಿನ ಲೋಟಗಳ ಗಾಡಿ ತಳ್ಳಿಕೊಂಡು ಬಂದಳು. ಕಿಟಕಿಯ ಹತ್ತಿರ ಬರುತ್ತಿದ್ದಂತೆ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಇಪ್ಪತ್ತು ಲೋಟ, ಒಟ್ಟಿಗೆ, ಶಾಲೆ ಬಿಟ್ಟ ಮಕ್ಕಳ ಹಾಗೆ. ನೀರು ತುಳುಕಿ ಗಾಡಿಗೆ ಹಾಸಿದ ಬಟ್ಟೆ ಒದ್ದೆಯಾಗುತ್ತಿತ್ತು. ಆಯಾಗೆ ಅದು ದಿನದ ಸಂಗತಿ. ತಲೆ ಕೆಡಿಸಿಕೊಳ್ಳದೆ ತಳ್ಳಿಕೊಂಡು ಬಂದಳು. ನಡು ಹತ್ತಿರವಾದ ಹಾಗೆ ಕಿಣಿಕಿಣಿ ಕುಗ್ಗಿತು. ಅವನ ಪಕ್ಕಕ್ಕೆ ಬಂದಾಗ ಪೂರಾ ನಿಂತಿತು.

ಅವನು ದಾರಿಗೆ ಅಡ್ಡ ನಿಂತಿದ್ದ. ಗಾಡಿಯೂ ನಿಂತಿತು.

“ಸಾರ್, ಸ್ವಲ್ಪ,” ಎಂದಳು ಆಯಾ.

ಆಚೆ ಬಿಳಿ ಸಮವಸ್ತ್ರದಿಂದ ಚಾಚಿದ ಎರಡು ಕೈಗಳು ಹಾಗೇ ಇದ್ದವು. ಈಚೆ ಮೇಣದಣ್ಣ ಹಗ್ಗ ಹಿಡಿದು ಕಾಯುತ್ತಿದ್ದ. ಗಡಿಯಾರದಲ್ಲಿ ಐದಕ್ಕೆ ಇಪ್ಪತ್ತಾರು ನಿಮಿಷ ಇತ್ತು.

“ಈ ಕಡೆಗೋ ಆ ಕಡೆಗೋ, ಯಾವುದಾದ್ರೂ ಒಂದು ಕಡೆ ಸರೀರಿ ಸಾರ್.”

ಅವನು ಬಗ್ಗಿ ಗಾಡಿಯೊಳಗೆ ನೋಡಿದ. ಇಪ್ಪತ್ತು ಲೋಟದಲ್ಲೂ ನೀರು ಒಂದು ಸುಕ್ಕೂ ಇಲ್ಲದೆ ನಿಂತಿತ್ತು. ಒಂದೊಂದರಲ್ಲೂ ಅವನ ಮುಖವಿತ್ತು, ಚಿಕ್ಕದಾಗಿ, ಸ್ಪಷ್ಟವಾಗಿ, ಎಳ್ಳಷ್ಟೂ ಅಲುಗದೆ.